ಬಯಲುಸೀಮೆಯ ಬೈಕ್ ಸವಾರಿ: ಐದು ತಪ್ಪು ಕಲ್ಪನೆಗಳು

ಬೈಕಿಗೆ ಟೆಂಟ್ ಕಟ್ಟಿಕೊಂಡು ಹೊರಡುವವರ ಬಾಯಲ್ಲಿ ಲಡಾಖ್, ಸ್ಪಿತಿಯದೇ ಮಾತು. ಕಲಬುರಗಿ ಜಿಲ್ಲೆಯ ಆಳಂದದಿಂದ ಹೊರಟು ಅಮರ್ಜಾ ಜಲಾಶಯ, ಗಾಣಗಾಪುರ, ಅಫಜಲಪುರ ನೋಡಿಕೊಂಡು ಜೇವರ್ಗಿಗೆ ಹೋಗುವ ದಾರಿಯಲ್ಲಿ ಘಾಟಿಯೂ ಇಲ್ಲ, ಹಿಮವೂ ಇಲ್ಲ. ಹಾಗಾಗಿಯೇ ಅದರ ಬಗ್ಗೆ ಸಸಾರ. ಬೆಟ್ಟದ ಅಪಾಯ ಕಣ್ಣಿಗೆ ಕಾಣುತ್ತದೆ. ಬಯಲಿನದನ್ನು ತಿಳಿದೇ ಹೊರಡಬೇಕು.

ತಪ್ಪು ಕಲ್ಪನೆ: ಮಳೆಯಿಲ್ಲದ ದಿನ ಹೊಳೆಯ ಮರಳಿನಲ್ಲಿ ಟೆಂಟ್ ಹಾಕಬಹುದು.
ಸತ್ಯ: ಈ ದಾರಿಯ ಹೊಳೆ ಭೀಮೆ. ಅದು ಹುಟ್ಟುವುದು ಮಹಾರಾಷ್ಟ್ರದ ಭೀಮಾಶಂಕರದಲ್ಲಿ. ಅಲ್ಲಿ ಮಳೆ ಸುರಿದು ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದಿಂದ ನೀರು ಬಿಟ್ಟರೆ, ಇಲ್ಲಿ ಆಕಾಶ ತಿಳಿಯಾಗಿದ್ದರೂ ಹೊಳೆ ಏರುತ್ತದೆ. 2020ರ ಅಕ್ಟೋಬರ್ ಪ್ರವಾಹದಲ್ಲಿ ಅಫಜಲಪುರ, ಜೇವರ್ಗಿ ತಾಲ್ಲೂಕಿನ ನದಿತೀರದ ಜನ ಮನೆ ಬಿಟ್ಟು ಕಾಳಜಿ ಕೇಂದ್ರ ಸೇರಬೇಕಾಯಿತು. ಉಜನಿ ಮತ್ತು ಭೀಮೆಯದೇ ಸೊನ್ನ ಬ್ಯಾರೇಜಿನಿಂದ ನೀರು ಬಿಡುವ ಸುದ್ದಿಯನ್ನು ವಿಚಾರಿಸಿ, ದಂಡೆಯಿಂದ ದೂರ, ಎತ್ತರದಲ್ಲಿ ತಂಗಿ.

ತಪ್ಪು ಕಲ್ಪನೆ: ಗುಬುಟಿನ ಟೈರ್ ಇದ್ದರೆ ಯಾವ ಕೆಸರೂ ಲೆಕ್ಕಕ್ಕಿಲ್ಲ.
ಸತ್ಯ: ಇಲ್ಲಿನ ಎರೆ ಮಣ್ಣಿನ ಜೇಡಿ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಗುಬುಟುಗಳ ನಡುವೆ ಮೆತ್ತಿಕೊಂಡು ಟೈರನ್ನು ನುಣ್ಣಗಾಗಿಸುತ್ತದೆ. ಮಡ್‌ಗಾರ್ಡ್‌ನೊಳಗೆ ತುಂಬಿ ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಮಳೆ ಬಂದರೆ ಹೊಲದ ದಾರಿ ಬಿಟ್ಟು ಡಾಂಬರು ಇಲ್ಲವೇ ಗರಸಿನ ರಸ್ತೆ ಹಿಡಿಯಿರಿ. ಅದೇ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಬಿರುಕುಗಳಲ್ಲಿ ಹಾವು, ಚೇಳು ಸೇರಿರಬಹುದು. ಬೂಟು ಕೊಡವದೆ ಕಾಲಿಡಬೇಡಿ.

ತಪ್ಪು ಕಲ್ಪನೆ: ಕಲಬುರಗಿಯ ಬಿಸಿಲಿಗೆ ಟೈರ್ ಸಿಡಿಯುತ್ತದೆ, ಗಾಳಿ ಇಳಿಸಬೇಕು.
ಸತ್ಯ: ಗಾಳಿ ಕಮ್ಮಿಯಾದ ಟೈರ್ ಉರುಳುವಾಗ ಹೆಚ್ಚು ಮಡಚುತ್ತದೆ, ಅದರಿಂದಲೇ ಇನ್ನಷ್ಟು ಕಾಯುತ್ತದೆ. ಕಂಪನಿ ಹೇಳುವ ಪ್ರಮಾಣ ತಣ್ಣಗಿರುವ ಟೈರಿನದು. ಬೆಳಿಗ್ಗೆ ಹೊರಡುವ ಮೊದಲೇ ನೋಡಿ. ಸಾಮಾನು ಹೇರಿದ್ದರೆ ಹಿಂದಿನ ಚಕ್ರಕ್ಕೆ ಭಾರಕ್ಕೆ ತಕ್ಕ ಗಾಳಿ ತುಂಬಿಸಿ.

ತಪ್ಪು ಕಲ್ಪನೆ: ರಬ್ಬರ್ ಟೈರ್ ಇರುವುದರಿಂದ ಬೈಕಿಗೆ ಸಿಡಿಲಿನ ಭಯವಿಲ್ಲ.
ಸತ್ಯ: ಕಾರಿನಲ್ಲಿ ಕುಳಿತವರನ್ನು ಕಾಯುವುದು ಸುತ್ತಲಿನ ಲೋಹದ ಕವಚ, ಟೈರ್ ಅಲ್ಲ. ಬೈಕಿಗೆ ಆ ಕವಚವಿಲ್ಲ. ತೊಗರಿ ಹೊಲಗಳ ನಡುವೆ ಸವಾರನೇ ಎತ್ತರದ ಗುರಿ. ಗುಡುಗು ಕೇಳಿಸಿದರೆ ಒಂಟಿ ಮರದಡಿ ನಿಲ್ಲದೆ, ಪಕ್ಕಾ ಕಟ್ಟಡದೊಳಗೆ ಸೇರಿ. ಟೆಂಟ್ ಕೂಡ ರಕ್ಷಣೆಯಲ್ಲ.

ತಪ್ಪು ಕಲ್ಪನೆ: ಈ ಜಿಲ್ಲೆಯಲ್ಲಿ ಕಾಡಿಲ್ಲ, ಇರುವುದೆಲ್ಲ ಖಾಲಿ ಬಯಲು.
ಸತ್ಯ: ಜಿಲ್ಲೆಯ ಇನ್ನೊಂದು ತುದಿಯ ಚಿಂಚೋಳಿಯಲ್ಲಿ ಸುಮಾರು 134 ಚದರ ಕಿ.ಮೀ. ಕಾಡು 2011ರಲ್ಲಿ ವನ್ಯಜೀವಿ ಧಾಮವಾಗಿದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಟೆಂಟ್ ಹಾಕುವಂತಿಲ್ಲ. ಇನ್ನು ಖಾಲಿ ಎನಿಸುವ ಬಯಲು ಯಾರದೋ ಹೊಲ. ಡಿಸೆಂಬರ್‌–ಜನವರಿಯಲ್ಲಿ ತೊಗರಿ ಒಣಗಿ ನಿಂತಿರುವಾಗ ಒಂದು ಕಿಡಿ ಸಾಕು, ವರ್ಷದ ದುಡಿಮೆ ಬೂದಿ. ಒಡೆಯರನ್ನು ಕೇಳಿಯೇ ತಂಗಿ. ಒಲೆ ಹಚ್ಚುವ ಜಾಗವನ್ನೂ ಅವರೇ ತೋರಿಸಲಿ.