ಕತ್ತಾಳೆಯ ಮದ್ಯಗಳು ಮತ್ತು ಶೇಕಡಾ 51ರ ಲೆಕ್ಕ

ಬೇಲಿಯ ಕತ್ತಾಳೆಯನ್ನು ನಮ್ಮವರು ಬೆಳೆಯೆಂದು ಎಣಿಸಿದ್ದಿಲ್ಲ. ದನ ನುಗ್ಗದಿರಲೆಂದು ನೆಟ್ಟದ್ದು, ಹಗ್ಗಕ್ಕೆ ಒಂದಿಷ್ಟು ನಾರು, ರಸ ತಗುಲಿದರೆ ಮೈಯೆಲ್ಲ ನವೆ. ಅಲ್ಲಿಗೆ ಅದರ ಕಥೆ ಮುಗಿಯಿತು. ಈ ಗಿಡದ ತವರಾದ ಮೆಕ್ಸಿಕೊ ದೇಶದಲ್ಲಿ ಮಾತ್ರ ಇದೇ ಕುಲದ ಗಿಡಗಳನ್ನು ಸಾಲು ಹಿಡಿದು ಬೆಳೆಸಿ, ಭಟ್ಟಿ ಇಳಿಸಿ, ಟಕೀಲಾ, ಮೆಸ್ಕಾಲ್ ಮುಂತಾದ ಹೆಸರುಗಳಲ್ಲಿ ಜಗತ್ತಿಗೆಲ್ಲ ಮಾರುತ್ತಾರೆ. ಪಾನದ ಗುಣಗಾನ ನಮ್ಮ ಉದ್ದೇಶವಲ್ಲ. ನಮ್ಮ ಸದಸ್ಯರಲ್ಲಿ ಇದನ್ನು ಮುಟ್ಟದವರೇ ಹೆಚ್ಚೆಂಬುದು ನಮಗೆ ಗೊತ್ತು. ಆದರೆ ಒಂದೇ ಕುಲದ ಬೆಳೆ ನಾಲ್ಕಾರು ಹೆಸರಿನಲ್ಲಿ ನಾಲ್ಕಾರು ಬೆಲೆಗೆ ಹೋಗುವುದು ಹೇಗೆ, ಆ ಹೆಸರಿನ ಲಾಭದಲ್ಲಿ ಬೆಳೆದವನಿಗೆ ಸಿಗುವ ಪಾಲೇನು ಎಂಬುದು ಕಾಫಿ, ಅಡಿಕೆ ಬೆಳೆಯುವ ನಾವು ತಿಳಿಯಬೇಕಾದ ವಿಷಯ.

ಮೊದಲು ಬೆಳೆಯ ರೀತಿ. ಟಕೀಲಾಕ್ಕೆ ಬಳಸುವ ನೀಲಿ ಕತ್ತಾಳೆ ಬಲಿಯಲು 6ರಿಂದ 8 ವರ್ಷ ಬೇಕು. ಕತ್ತಾಳೆ ಜೀವಮಾನದಲ್ಲಿ ಒಮ್ಮೆ ಮಾತ್ರ ಹೂದಂಡು ಎತ್ತಿ ಆಮೇಲೆ ಸಾಯುತ್ತದೆ. ದಂಡು ಬೆಳೆಯಲು ಬಿಟ್ಟರೆ ಬೊಡ್ಡೆಯಲ್ಲಿ ಕೂಡಿಟ್ಟದ್ದೆಲ್ಲ ಅದಕ್ಕೇ ಹೋಗುವುದರಿಂದ ಕಂಡೊಡನೆ ಕಡಿದುಬಿಡುತ್ತಾರೆ. ಕೊಯ್ಲಿನ ಆಳಿಗೆ ‘ಹಿಮಾದೋರ್’ ಎಂದು ಹೆಸರು. ಉದ್ದ ಹಿಡಿಯ ತುದಿಗೆ ದುಂಡನೆಯ ಅಲಗಿರುವ ‘ಕೋವಾ’ ಎಂಬ ಆಯುಧದಿಂದ ಆತ ಎಲೆಗಳನ್ನೆಲ್ಲ ಸವರಿದ ಮೇಲೆ ಉಳಿಯುವ ಬೊಡ್ಡೆ ದೊಡ್ಡದೊಂದು ಅನಾನಸಿನಂತೆ ಕಾಣುತ್ತದೆ. ಅದನ್ನು ಕರೆಯುವ ‘ಪಿನ್ಯಾ’ ಎಂಬ ಮಾತಿಗೂ ಅನಾನಸ್ ಎಂದೇ ಅರ್ಥ. ಹಸಿ ಬೊಡ್ಡೆ ಸಿಹಿಯಲ್ಲ. ಬೇಯಿಸಿದಾಗಲೇ ಒಳಗಿನ ಪಿಷ್ಟದಂತಹ ಪದಾರ್ಥ ಸಕ್ಕರೆಯಾಗುವುದು. ಅದನ್ನು ಜಜ್ಜಿ ರಸ ತೆಗೆದು, ಹುಳಿ ಬರಿಸಿ, ಎರಡು ಬಾರಿ ಭಟ್ಟಿ ಇಳಿಸುತ್ತಾರೆ. ಒಂದು ಲೀಟರ್ ಅಪ್ಪಟ ಟಕೀಲಾಕ್ಕೆ ಸುಮಾರು 7 ಕಿಲೋ ಬೊಡ್ಡೆ ಹಿಡಿಯುತ್ತದೆಂದು ಲೆಕ್ಕ.

ಹಾಗಾದರೆ ಟಕೀಲಾಕ್ಕೂ ಮೆಸ್ಕಾಲಿಗೂ ಭೇದವೇನು? ನಮ್ಮಲ್ಲಿ ಒಂದೇ ಅಡಿಕೆಯನ್ನು ಹಸಿಯಲ್ಲಿ ಕೊಯ್ದು ಸುಲಿದು ಬೇಯಿಸಿದರೆ ಕೆಂಪಡಿಕೆ, ಹಣ್ಣಾದ ಮೇಲೆ ಕೊಯ್ದು ಒಣಗಿಸಿ ಸುಲಿದರೆ ಚಾಲಿ. ಅಲ್ಲಿಯೂ ಭೇದದ ಅರ್ಧ ಭಾಗ ಸಂಸ್ಕರಣೆಯಲ್ಲಿದೆ. ಟಕೀಲಾದ ಬೊಡ್ಡೆಯನ್ನು ಇಟ್ಟಿಗೆಯ ಒಲೆಕೋಣೆಯಲ್ಲೋ ಉಕ್ಕಿನ ಒತ್ತಡದ ಪಾತ್ರೆಯಲ್ಲೋ ಹಬೆಯಿಂದ ಬೇಯಿಸುತ್ತಾರೆ. ಹಳೆಯ ಪದ್ಧತಿಯ ಮೆಸ್ಕಾಲಿಗೆ ನೆಲದಲ್ಲಿ ಗುಂಡಿ ತೋಡಿ, ಸೌದೆ ಉರಿಸಿ, ಕಾದ ಕಲ್ಲುಗಳ ಮೇಲೆ ಬೊಡ್ಡೆ ಒಟ್ಟಿ, ಮಣ್ಣು ಮುಚ್ಚಿ, ಮೂರು ನಾಲ್ಕು ದಿನ ಸುಡುತ್ತಾರೆ. ಮೆಸ್ಕಾಲಿನ ಹೊಗೆವಾಸನೆ ಬಂದದ್ದು ಇಲ್ಲಿಂದ. ಭೇದದ ಇನ್ನರ್ಧ ಗಿಡದಲ್ಲಿದೆ. ಟಕೀಲಾಕ್ಕೆ ನೀಲಿ ಕತ್ತಾಳೆಯೊಂದೇ ಆಗಬೇಕು. ಮೆಸ್ಕಾಲಿಗೆ ಹಲವು ಜಾತಿಗಳು ನಡೆಯುತ್ತವೆ. ಎಸ್ಪಾದೀನ್ ಎಂಬುದು ಸಾಗುವಳಿಯದು. ತೊಬಾಲಾ, ತೆಪೆಸ್ತಾತೆ ಮುಂತಾದವು ಬಹುಮಟ್ಟಿಗೆ ಕಾಡಿನವು, ಕೆಲವಕ್ಕೆ ಬಲಿಯಲು ಹತ್ತು ಹನ್ನೆರಡು ವರ್ಷವೂ ಸಾಲದು. ಅವುಗಳ ಬೆಲೆಯೂ ಹಾಗೆಯೇ ಏರುತ್ತದೆ.

ಸೀಸೆಯೊಳಗೆ ಹುಳು ಹಾಕಿದ್ದೇ ಮೆಸ್ಕಾಲ್ ಎಂಬ ನಂಬಿಕೆ ಇದೆ. ಅದು ಕಳೆದ ಶತಮಾನದ ನಡುವಿನ ವ್ಯಾಪಾರದ ಜಾಣ್ಮೆ. ಹೆಚ್ಚಿನ ಮೆಸ್ಕಾಲಿನಲ್ಲಿ ಯಾವ ಹುಳುವೂ ಇಲ್ಲ. ಟಕೀಲಾದಲ್ಲಿ ಕಾಣುವ ‘ಬ್ಲಾಂಕೊ’, ‘ರೆಪೊಸಾದೊ’, ‘ಅನ್ಯೆಹೊ’ ಎಂಬುವು ಮರದ ಪೀಪಾಯಿಯಲ್ಲಿ ಇಟ್ಟ ಅವಧಿಯನ್ನು ಸೂಚಿಸುವ ಮಾತುಗಳು: ಮೊದಲನೆಯದು ಬಹುಮಟ್ಟಿಗೆ ಇಡದೆಯೇ ತುಂಬಿದ್ದು, ಎರಡನೆಯದು ಕನಿಷ್ಠ 2 ತಿಂಗಳು, ಮೂರನೆಯದು ಕನಿಷ್ಠ ಒಂದು ವರ್ಷ.

ಈಗ ನಮ್ಮ ಶೀರ್ಷಿಕೆಯ ಲೆಕ್ಕಕ್ಕೆ ಬರೋಣ. ಟಕೀಲಾದಲ್ಲಿ ಎರಡು ವರ್ಗ. ಒಂದು ನೂರಕ್ಕೆ ನೂರು ಕತ್ತಾಳೆಯದು. ಸೀಸೆಯ ಮೇಲೆ ಹಾಗೆಂದು ಬರೆದಿರುತ್ತದೆ. ಇನ್ನೊಂದರಲ್ಲಿ ಹುಳಿ ಬರಿಸುವ ಸಕ್ಕರೆಯ ಶೇಕಡಾ 51 ಭಾಗ ಕತ್ತಾಳೆಯದಿದ್ದರೆ ಸಾಕು, ಉಳಿದ 49 ಭಾಗ ಕಬ್ಬಿನ ಸಕ್ಕರೆಯಂತಹ ಅಗ್ಗದ ಸಕ್ಕರೆಯಾದರೂ ಕಾನೂನಿನ ತಡೆಯಿಲ್ಲ. ಈ ಸಂಖ್ಯೆ ನಮಗೆ ಹೊಸದಲ್ಲ. ನಮ್ಮ ದೇಶದ ಆಹಾರ ಕಾನೂನಿನಂತೆ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ 51ಕ್ಕೆ ಕಡಿಮೆಯಾಗಕೂಡದು, ಚಿಕೋರಿ 49ನ್ನು ಮೀರಕೂಡದು. ಸಾವಿರಾರು ಮೈಲಿ ದೂರದ ಎರಡು ದೇಶಗಳ ಕಾನೂನು ಒಂದೇ ಅಂಕಿಯಲ್ಲಿ ಬಂದು ನಿಂತಿರುವುದು ಸೋಜಿಗ. ಆದರೆ ನಮ್ಮ ಪೊಟ್ಟಣದ ಮೇಲೆ ಎರಡರ ಪ್ರಮಾಣವನ್ನೂ ಅಚ್ಚು ಹಾಕಲೇಬೇಕು. ಮಿಶ್ರ ಟಕೀಲಾದ ಸೀಸೆಯ ಮೇಲೆ ‘ಟಕೀಲಾ’ ಎಂದಷ್ಟೇ ಇರುತ್ತದೆ, ಕೊಳ್ಳುವವನು ತಾನೇ ಊಹಿಸಿಕೊಳ್ಳಬೇಕು. ಈ ಒಂದು ವಿಷಯದಲ್ಲಿ ನಮ್ಮ ನಿಯಮವೇ ಮೇಲು ಎನ್ನಲು ನಮಗೆ ಸಂಕೋಚವಿಲ್ಲ. ಮೆಸ್ಕಾಲಿನಲ್ಲೂ ಹಿಂದೆ ಶೇಕಡಾ 20ರವರೆಗೆ ಬೇರೆ ಸಕ್ಕರೆಗೆ ಅವಕಾಶವಿತ್ತು. 2016ರ ನಿಯಮಾವಳಿ ಅದನ್ನು ತೆಗೆದುಹಾಕಿತು. ಅಷ್ಟೇ ಅಲ್ಲ, ತಯಾರಿಕೆಯ ರೀತಿಯಂತೆ ಸಾಮಾನ್ಯ, ಕೈಕಸುಬಿನ ಮತ್ತು ಪೂರ್ವಿಕರ ಪದ್ಧತಿಯ ಮೆಸ್ಕಾಲ್ ಎಂದು ಮೂರು ವರ್ಗ ಮಾಡಿತು. ಮಣ್ಣಿನ ಮಡಕೆಯಲ್ಲಿ ಭಟ್ಟಿ ಇಳಿಸುವವನ ಸರಕು ದೊಡ್ಡ ಕಾರ್ಖಾನೆಯ ಸರಕಿನೊಡನೆ ಒಂದೇ ಚೀಟಿಯಡಿ ಹೋಗದಿರಲು ಇದರಿಂದ ದಾರಿಯಾಯಿತು.

ಉಳಿದ ಬಗೆಗಳನ್ನು ಚುಟುಕಾಗಿ ಹೇಳಿಬಿಡುತ್ತೇವೆ. ರೈಸಿಯಾ ಎಂಬುದು ಹಲಿಸ್ಕೊ ರಾಜ್ಯದ ಪಶ್ಚಿಮದ ಬೆಟ್ಟ ಮತ್ತು ಕರಾವಳಿಯದು, ಹೆಸರಿಗೆ ರಕ್ಷಣೆ ದೊರೆತದ್ದು 2019ರಲ್ಲಿ. ಬಕನೋರಾ ಸೊನೋರಾ ರಾಜ್ಯದ್ದು; 1915ರಿಂದ 1992ರವರೆಗೆ ನಿಷೇಧದಲ್ಲಿದ್ದು, ಗುಟ್ಟಾಗಿ ಇಳಿಸಿದವರ ಕೈಯಲ್ಲೇ ಉಳಿದು ಬಂತು. ಸೋತೋಲನ್ನು ಇವುಗಳ ಜೊತೆ ಸೇರಿಸುವುದುಂಟು, ಆದರೆ ಅದು ಕತ್ತಾಳೆಯದಲ್ಲ, ಬೇರೊಂದು ಕುಲದ ಗಿಡದ್ದು.

ಹೆಸರಿನ ಹಕ್ಕು ಯಾರದೆಂಬುದು ಮುಖ್ಯ ಪ್ರಶ್ನೆ. ಟಕೀಲಾ ಎಂಬುದು ಹಲಿಸ್ಕೊದ ಒಂದು ಊರು. 1974ರಲ್ಲಿ ಆ ಹೆಸರಿಗೆ ಕಾನೂನಿನ ರಕ್ಷಣೆ ಬಂತು, ಅರ್ಜಿ ಸಲ್ಲಿಸಿದ್ದು ಒಂದು ಮದ್ಯದ ಕಂಪನಿ. 1977ರಲ್ಲಿ ದೂರದ ಪೂರ್ವ ಕರಾವಳಿಯ ತಮೌಲಿಪಾಸ್ ರಾಜ್ಯದ ಕೆಲವು ಭಾಗವೂ ಒಳಗೆ ಸೇರಿತು, ಕೇಳಿದ್ದು ಅಲ್ಲಿನ ಇನ್ನೊಂದು ಕಂಪನಿ. ಇತ್ತ ಮೆಸ್ಕಾಲಿಗೆ 1994ರಲ್ಲಿ ರಕ್ಷಣೆ ಬಂದಾಗ ಗೆರೆಯ ಹೊರಗೆ ಉಳಿದ ಊರುಗಳವರೂ, ಗೆರೆಯ ಒಳಗಿದ್ದೂ ಪ್ರಮಾಣಪತ್ರದ ವೆಚ್ಚ ಹೊರಲಾರದ ಸಣ್ಣವರೂ ತಾತನ ಕಾಲದಿಂದ ಮಾಡಿದ ಸರಕನ್ನು ಬರೇ ‘ಕತ್ತಾಳೆಯ ಭಟ್ಟಿ ಸರಕು’ ಎಂಬ ಹೆಸರಿನಲ್ಲಿ ಮಾರಬೇಕಾಯಿತು. ನಮ್ಮಲ್ಲಿ 2019ರಲ್ಲಿ ಸಿರ್ಸಿ ಅಡಿಕೆಗೆ ಭೌಗೋಳಿಕ ಸೂಚಿ ದೊರೆತಾಗ ಅದು ನೋಂದಣಿಯಾದದ್ದು ಬೆಳೆಗಾರರದೇ ಆದ ತೋಟಗಾರ್ಸ್ ಸಹಕಾರಿ ಮಾರಾಟ ಸಂಘದ ಹೆಸರಿನಲ್ಲಿ. ಅದೇ ವರ್ಷ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಕಾಫಿ ಮಂಡಳಿಯ ಮೂಲಕ ಸೂಚಿ ಬಂತು. ಅದನ್ನು ಚೀಟಿಯ ಮೇಲೆ ಬಳಸಲು ಅಧಿಕೃತ ಬಳಕೆದಾರರೆಂದು ಬೇರೆಯಾಗಿ ನೋಂದಾಯಿಸಿಕೊಳ್ಳಬೇಕೆಂಬುದನ್ನು ಸದಸ್ಯರು ಗಮನಿಸಬೇಕು.

ಹೆಸರು ಗಟ್ಟಿಯಾದರೆ ದರವೂ ಗಟ್ಟಿಯಾಗುತ್ತದೆಯೇ? ಟಕೀಲಾದ ಅನುಭವ ಹಾಗೆ ಹೇಳುವುದಿಲ್ಲ. 1990ರ ದಶಕದಲ್ಲಿ ದರ ಕುಸಿದು ನೆಡುವವರು ಕಡಿಮೆಯಾದರು. ಮೇಲಿಂದ ಬೊಡ್ಡೆ ಕೊಳೆಯುವ ರೋಗ, 1997ರ ಡಿಸೆಂಬರಿನ ಹಿಮ. 2000ದ ಹೊತ್ತಿಗೆ ಬೊಡ್ಡೆಗೆ ಹಾಹಾಕಾರವೆದ್ದು, ಕಿಲೋಗೆ ಒಂದು ಪೆಸೊ ಕೂಡ ಇಲ್ಲದ್ದು ಹತ್ತು ದಾಟಿ ಏರಿತು. ಎಲ್ಲರೂ ನೆಟ್ಟರು. ಆರೇಳು ವರ್ಷದ ಬೆಳೆಯಾದ್ದರಿಂದ ಎಲ್ಲರದೂ ಒಟ್ಟಿಗೆ ಬಲಿತು ದರ ಮತ್ತೆ ನೆಲ ಕಚ್ಚಿತು, ಕೊಯ್ಲಿನ ಕೂಲಿಯೂ ಹುಟ್ಟದೆ ಹೊಲದಲ್ಲೇ ಕೊಳೆಯಲು ಬಿಟ್ಟವರಿದ್ದರು. ಮತ್ತೆ ಕೊರತೆ, ಮತ್ತೆ ಏರಿಕೆ: 2020ರ ಆಚೀಚೆ 30 ಪೆಸೊ ಸಮೀಪಕ್ಕೆ ಹೋದದ್ದು 2024ರಲ್ಲಿ ಒಂದಂಕಿಗೆ ಇಳಿಯಿತು. ಇಷ್ಟರ ನಡುವೆ ಅಂಗಡಿಯಲ್ಲಿ ಸೀಸೆಯ ಬೆಲೆ ಬೊಡ್ಡೆಯೊಡನೆ ಇಳಿಯಲಿಲ್ಲ. ದೊಡ್ಡ ಕಾರ್ಖಾನೆಗಳು ಸಣ್ಣ ರೈತರ ಜಮೀನನ್ನು ಗೇಣಿಗೆ ಹಿಡಿದು ತಾವೇ ನೆಡುವ ಕ್ರಮವನ್ನೂ ಇಟ್ಟುಕೊಂಡಿವೆ; ಕೊರತೆಯ ಕಾಲದಲ್ಲಿ ರೈತನ ಮುಂದೆ ಕೈಚಾಚುವ ಪ್ರಮೇಯ ಅವಕ್ಕೆ ಅಷ್ಟರಮಟ್ಟಿಗೆ ಕಡಿಮೆ. ಈ ಶತಮಾನದ ಆರಂಭದ ವೆನಿಲಾವನ್ನು ಕಂಡ ಸದಸ್ಯರಿಗೆ ಹೆಚ್ಚಿನ ವಿವರಣೆ ಬೇಡ.

ರೋಗಕ್ಕೆ ನೀಲಿ ಕತ್ತಾಳೆ ಅಷ್ಟು ಸುಲಭವಾಗಿ ತುತ್ತಾದದ್ದಕ್ಕೂ ಕಾರಣವಿದೆ. ಬೀಜದಿಂದ ಬೆಳೆಸದೆ ತಾಯಿಗಿಡದ ಬುಡದ ಮರಿಗಳನ್ನೇ ತಲೆತಲಾಂತರದಿಂದ ನೆಟ್ಟಿದ್ದರಿಂದ ಲಕ್ಷಾಂತರ ಗಿಡಗಳು ಒಂದೇ ಅಚ್ಚಿನವು. ಹೂ ಬಿಡಲು ಬಿಡದ ಮೇಲೆ ಪರಾಗಸ್ಪರ್ಶ ಮಾಡುವ ಬಾವಲಿಗೂ ಆಹಾರವಿಲ್ಲ. ಈಗ ಕೆಲವರು ಹೊಲದಲ್ಲಿ ನೂರಕ್ಕೆ ಐದು ಗಿಡಗಳನ್ನು ಹೂವಿಗೆ ಬಿಟ್ಟು ಬಾವಲಿಸ್ನೇಹಿ ಎಂಬ ಗುರುತಿನಡಿ ಮಾರುತ್ತಿದ್ದಾರೆ. ನೆರಳುಮರದ ಕಾಫಿಗೆ ಪಕ್ಷಿಸ್ನೇಹಿ ಗುರುತು ಹಾಕಿ ಮಾರುವ ಹಾಗೆಯೇ ಇದು.

ನಮ್ಮ ಬೇಲಿಯ ಕತ್ತಾಳೆಯಿಂದ ಆಗುತ್ತದೆಯೇ ಎಂದು ಕೇಳುವವರಿಗೆ ಒಂದು ಮಾತು. ದಖ್ಖನಿನ ಕತ್ತಾಳೆಯಿಂದ ಮದ್ಯ ತಯಾರಿಸುವ ಉದ್ಯಮ ಭಾರತದಲ್ಲಿ ಈಗಾಗಲೇ ಇದೆ, ಗೋವಾದಲ್ಲಿ ತುಂಬಿದ ಸೀಸೆಗಳು ಮಾರುಕಟ್ಟೆಯಲ್ಲಿವೆ. ಟಕೀಲಾ ಎಂಬ ಹೆಸರು ನಮ್ಮ ದೇಶದ ಭೌಗೋಳಿಕ ಸೂಚಿ ನೋಂದಣಿಯಲ್ಲೂ ಮೆಕ್ಸಿಕೊದವರದೇ ಆಗಿರುವುದರಿಂದ ಇವನ್ನು ಹಾಗೆ ಕರೆಯುವಂತಿಲ್ಲ. ಮನೆಯಲ್ಲಿ ಪ್ರಯೋಗ ಮಾಡಿ ನೋಡುವ ಉತ್ಸಾಹವಿದ್ದವರು ಅಬಕಾರಿ ಕಾಯಿದೆಯನ್ನು ನೆನಪಿಡುವುದು ಒಳಿತು: ಪರವಾನಗಿಯಿಲ್ಲದೆ ಭಟ್ಟಿ ಇಳಿಸುವುದು ಅಪರಾಧ, ಬೊಡ್ಡೆ ಸ್ವಂತ ಬೇಲಿಯದೇ ಆದರೂ.