ಚಿಪ್‌ನೊಳಗಿನ ಟ್ರಾನ್ಸ್‌ಫಾರ್ಮರ್: ತಯಾರಿಗೆ ಮೊದಲೇ ನಡೆಯುವ ಪರೀಕ್ಷೆ

ಟ್ರಾನ್ಸ್‌ಫಾರ್ಮರ್ ಎಂದೊಡನೆ ನೆನಪಾಗುವುದು ರಸ್ತೆ ಬದಿಯಲ್ಲಿ ಗುಂಯ್‌ಗುಡುವ ಕಬ್ಬಿಣದ ದೊಡ್ಡ ಪೆಟ್ಟಿಗೆ. ಅದೇ ವಂಶದ ಕುಡಿಯೊಂದು ಮೊಬೈಲ್ ಮತ್ತು ವೈ-ಫೈ ಚಿಪ್‌ಗಳೊಳಗೆ, ಒಂದು ಮಿಲಿಮೀಟರಿಗಿಂತ ಕಿರಿದಾದ ಜಾಗದಲ್ಲಿ ಕುಳಿತಿರುತ್ತದೆ ಎಂದರೆ ಹಲವರಿಗೆ ಅಚ್ಚರಿಯಾದೀತು.

ತತ್ವ ಹಳೆಯದೇ. 1831ರಲ್ಲಿ ಮೈಕೆಲ್ ಫ್ಯಾರಡೆ ಕಬ್ಬಿಣದ ಬಳೆಗೆ ಎರಡು ತಂತಿ ಸುರುಳಿಗಳನ್ನು ಸುತ್ತಿ, ಒಂದರಲ್ಲಿ ವಿದ್ಯುತ್ ಬದಲಾದಾಗ ಇನ್ನೊಂದರಲ್ಲೂ ವಿದ್ಯುತ್ ಹುಟ್ಟುವುದನ್ನು ಕಂಡರು. ಚಿಪ್‌ನಲ್ಲಿ ಕಬ್ಬಿಣದ ತಿರುಳಿಲ್ಲ. ಸಿಲಿಕಾನ್ ಮೇಲಿನ ಗಾಜಿನಂಥ ಪದರದಲ್ಲಿ ಅಲ್ಯೂಮಿನಿಯಂ ಅಥವಾ ತಾಮ್ರದ ಸುರುಳಿಗಳು ಚಕ್ಕುಲಿಯಂತೆ ಚಪ್ಪಟೆಯಾಗಿ ಮಲಗಿರುತ್ತವೆ.

ಬೀದಿಯ ಟ್ರಾನ್ಸ್‌ಫಾರ್ಮರ್ ಕೆಟ್ಟರೆ ಬಿಚ್ಚಿ ಮತ್ತೆ ಸುತ್ತಬಹುದು. ಚಿಪ್‌ನಲ್ಲಿ ಆ ಮಾತೇ ಇಲ್ಲ. ಲೆಕ್ಕ ತಪ್ಪಿದರೆ ಮತ್ತೆ ಹೊಸದಾಗಿಯೇ ತಯಾರಿಸಬೇಕು. ತಿಂಗಳುಗಳ ಶ್ರಮ, ಅಪಾರ ಹಣ ನೀರುಪಾಲು. ಆದ್ದರಿಂದಲೇ ಸರ್ಕ್ಯೂಟ್ ಮಾದರಿಗೆ ಎಲ್ಲಿಲ್ಲದ ಮಹತ್ವ. ಸುರುಳಿಯ ಪ್ರತಿಯೊಂದು ಗುಣವನ್ನೂ ಇಂಡಕ್ಟರ್, ರೆಸಿಸ್ಟರ್, ಕೆಪಾಸಿಟರ್‌ಗಳ ರೂಪದಲ್ಲಿ ಬರೆದು, ಕಂಪ್ಯೂಟರಿನಲ್ಲಿ ಮೊದಲೇ ಓಡಿಸಿ ನೋಡುವ ಕ್ರಮವಿದು.

ಇಲ್ಲಿ ಮೂರು ಕಳ್ಳರನ್ನು ಲೆಕ್ಕಕ್ಕೆ ಹಿಡಿಯಬೇಕು. ವೈ-ಫೈಯ 2.4 ಗಿಗಾಹರ್ಟ್ಸ್‌ನಲ್ಲಿ ವಿದ್ಯುತ್ತು ತಾಮ್ರದ ಮೇಲ್ಮೈಯ ಸುಮಾರು 1.3 ಮೈಕ್ರೋಮೀಟರ್ ಆಳದಲ್ಲೇ ದಟ್ಟೈಸುವುದರಿಂದ ತಂತಿಯ ರೋಧ ಏರುತ್ತದೆ. ಕೆಳಗಿನ ಸಿಲಿಕಾನ್ ಒಂದಿಷ್ಟು ಶಕ್ತಿಯನ್ನು ಹೀರಿ ಬಿಸಿಯಾಗಿ ಕಳೆಯುತ್ತದೆ. ಸುರುಳಿಗಳ ನಡುವೆ ತಾನಾಗಿ ಹುಟ್ಟುವ ಕೆಪಾಸಿಟರ್ ಬಳಸಬಹುದಾದ ಆವರ್ತನಕ್ಕೆ ಮಿತಿ ಹಾಕುತ್ತದೆ.

ಸುರುಳಿಗಳನ್ನು ಒಂದರ ಮೇಲೊಂದು ಇಟ್ಟರೆ ಅವುಗಳ ಕಾಂತೀಯ ಹೊಂದಿಕೆ 0.9ರ ಆಸುಪಾಸು ತಲಪುತ್ತದೆ. ಆದರೆ ಕೆಪಾಸಿಟರ್ ಕಾಟ ಹೆಚ್ಚು. ಒಂದೇ ಪದರದಲ್ಲಿ ಅಕ್ಕಪಕ್ಕ ಹೆಣೆದರೆ ಕಾಟ ಕಡಿಮೆ, ಹೊಂದಿಕೆಯೂ 0.7ರಷ್ಟಕ್ಕೆ ಇಳಿಯುತ್ತದೆ. ಯಾವುದನ್ನು ಆರಿಸಬೇಕೆಂದು ಹೇಳುವುದು ಮಾದರಿಯೇ.

ಸಿಲಿಕಾನ್ ಮೇಲೆ ಉಪಯುಕ್ತ ಸುರುಳಿ ಸಾಧ್ಯವೆಂದು 1990ರಲ್ಲಿ ಬರ್ಕ್ಲಿಯ ನುಯೆನ್ ಮತ್ತು ಮೆಯರ್ ತೋರಿಸಿದರು. 1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಸುಂದರರಾಜನ್ ಮೋಹನ್ ಮತ್ತು ಸಂಗಡಿಗರು ಸುರುಳಿಯ ಅಳತೆಗಳಿಂದಲೇ ಟ್ರಾನ್ಸ್‌ಫಾರ್ಮರ್ ಮಾದರಿಯನ್ನು ಲೆಕ್ಕ ಹಾಕುವ ದಾರಿ ಕೊಟ್ಟರು. ಅನಂತರದ ಕೆಲವೇ ವರ್ಷಗಳಲ್ಲಿ ಕ್ಯಾಲ್‌ಟೆಕ್‌ನ ಅಓಕಿ, ಹಜಿಮಿರಿ ಮೊದಲಾದವರು ಚಿಪ್ ಮೇಲಿನ ಟ್ರಾನ್ಸ್‌ಫಾರ್ಮರ್ ಬಳಸಿ, ಸಾಮಾನ್ಯ ಸಿಎಂಒಎಸ್ ಚಿಪ್‌ನಿಂದಲೇ 2.4 ಗಿಗಾಹರ್ಟ್ಸ್‌ನಲ್ಲಿ ಸುಮಾರು 2 ವ್ಯಾಟ್ ಶಕ್ತಿ ಪಡೆದರು.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕೇಂದ್ರ ತೆರೆದಂದಿನಿಂದ ಚಿಪ್ ವಿನ್ಯಾಸ ಕನ್ನಡ ನಾಡಿಗೆ ಹೊಸತಲ್ಲ. ಹೊರನಾಡ ಕನ್ನಡಿಗರ ಮನೆಗಳಲ್ಲೂ ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳಿದ್ದಾರೆ. ಹನ್ನೆರಡನೇ ತರಗತಿಯ ಭೌತಶಾಸ್ತ್ರದಲ್ಲಿ ಬರುವ ‘ಪರಸ್ಪರ ಪ್ರೇರಣೆ’ಯ ಪಾಠವನ್ನು ಅವರು ಅಂಕಗಳಿಗಾಗಿ ಮಾತ್ರ ಓದದಿರಲಿ. ಕೈಯಲ್ಲಿರುವ ಮೊಬೈಲ್ ಮಾತನಾಡುವುದರ ಹಿಂದೆ ಅದೇ ಪಾಠವಿದೆ.