ಕಾಟಾದ ಅಂಕಿಗೊಂದು ಕಾವಲು ಬಿಟ್

ಘಟಪ್ರಭೆ ಮತ್ತು ಕೃಷ್ಣೆಯ ನಡುವಿನ ಈ ಸೀಮೆಯಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ರಸ್ತೆಗಳೆಲ್ಲ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳ ಪಾಲು. ಮುಧೋಳ ತಾಲ್ಲೂಕಿನ ತಿಮ್ಮಾಪುರ, ಉತ್ತೂರು, ಆಚೆಗೆ ಸಮೀರವಾಡಿ, ಜಮಖಂಡಿ ಕಡೆಯ ಸಿದ್ದಾಪುರ, ಹಿರೇಪಡಸಲಗಿ, ಬೀಳಗಿಯ ಬಾಡಗಂಡಿ, ಹೀಗೆ ಯಾವ ಕಾರ್ಖಾನೆಯ ಗೇಟಿಗೆ ಹೋದರೂ ಕಬ್ಬಿನ ಗಾಡಿ ಮೊದಲು ಹತ್ತುವುದು ಕಾಟಾದ ಮೇಲೆ. ವೇಬ್ರಿಡ್ಜ್ ಎಂಬುದು ಕಾಗದಪತ್ರದ ಹೆಸರು. ರೈತರ ಬಾಯಲ್ಲಿ ಅದು ಕಾಟಾ. ಒಂದು ವರ್ಷಕ್ಕೂ ಮಿಕ್ಕಿ ನೀರು, ಗೊಬ್ಬರ, ಸಾಲ ಹಾಕಿ ಬೆಳೆದ ಬೆಳೆ ಇಲ್ಲಿ ಒಂದು ಅಂಕಿಯಾಗಿ ಚೀಟಿಗೆ ಇಳಿಯುತ್ತದೆ.

ಕಬ್ಬಿನ ದರದ ಬಗ್ಗೆ ನಾವು ತುಂಬ ಮಾತಾಡುತ್ತೇವೆ, ಮಾತಾಡಲೂ ಬೇಕು. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಧರಣಿ ಕೂತ ರೈತರು ಟನ್ನಿಗೆ 3,500 ರೂಪಾಯಿ ಕೇಳಿದರು; ಸರ್ಕಾರ 3,300ಕ್ಕೆ ನಿಂತಿತು; ಮುಧೋಳದಲ್ಲೂ ಹೋರಾಟ ಕಾವೇರಿತು. ಆ 3,300ರ ಲೆಕ್ಕದಲ್ಲಿ ಒಂದು ಕ್ವಿಂಟಲ್ ತೂಕ ತಪ್ಪಿದರೆ 330 ರೂಪಾಯಿ ಹೋಯಿತು. ಅದಕ್ಕೇ ಮೊದಲು ಖಾಸಗಿ ಕಾಟಾದಲ್ಲಿ ತೂಗಿಸಿಕೊಂಡು, ಆಮೇಲೆ ಕಾರ್ಖಾನೆಗೆ ಹೋಗುವ ರೂಢಿ ಇಲ್ಲಿ ಎಷ್ಟೋ ಜನರಿಗಿದೆ. ಎರಡು ಚೀಟಿಯ ಅಂಕಿ ಕೂಡಿಬರದಿದ್ದರೆ ಜಗಳ. ಜಗಳ ಬಿಡಿಸಲು ಬರುವವರು, ಹಂಗಾಮಿನ ನಡುರಾತ್ರಿಯಲ್ಲೂ ಫೋನ್ ಎತ್ತುವವರು, ಕಾಟಾ ರಿಪೇರಿಯವರು. ಅವರ ಕಸುಬಿನ ಒಂದು ಸಣ್ಣ ಮೂಲೆಯ ಪರಿಚಯ ಈ ಬರಹ.

ಪ್ಲಾಟ್‌ಫಾರ್ಮಿನ ಅಡಿಯಲ್ಲಿ ಉಕ್ಕಿನ ಲೋಡ್ ಸೆಲ್‌ಗಳಿರುತ್ತವೆ. ಭಾರ ಬಿದ್ದಾಗ ಅವು ಕಣ್ಣಿಗೆ ಕಾಣದಷ್ಟು ಬಾಗುತ್ತವೆ. ಮೈಗೆ ಅಂಟಿಸಿದ ಸ್ಟ್ರೇನ್ ಗೇಜ್‌ನ ವಿದ್ಯುತ್ ರೋಧ ಬದಲಾಗಿ ಕೆಲವೇ ಮಿಲಿವೋಲ್ಟ್‌ಗಳ ಸಂಕೇತ ಹುಟ್ಟುತ್ತದೆ. ಎಲ್ಲ ಸೆಲ್‌ಗಳ ಸಂಕೇತ ಜಂಕ್ಷನ್ ಬಾಕ್ಸಿನಲ್ಲಿ ಕೂಡಿ ಇಂಡಿಕೇಟರಿಗೆ ಬಂದು ಕೆಂಪು ಅಂಕಿಗಳಾಗಿ ಹೊಳೆಯುತ್ತದೆ. ಕಾನೂನು ಮಾಪನಶಾಸ್ತ್ರ ಇಲಾಖೆಯವರು ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಹಾಕುವುದು ಈ ತೂಗುವ ಸಾಧನಕ್ಕೆ. ಆದರೆ ರೈತನ ಕೈಗೆ ಬರುವ ಚೀಟಿ ಛಾಪಿಸುವುದು ಕಂಪ್ಯೂಟರ್. ಇಂಡಿಕೇಟರಿಗೂ ಕಂಪ್ಯೂಟರಿಗೂ ನಡುವೆ ಒಂದು ತೆಳ್ಳನೆಯ ಕೇಬಲ್, ಅದರ ತುದಿಗೆ ಒಂಬತ್ತು ಪಿನ್ನಿನ ಕನೆಕ್ಟರ್. ಅದೇ ಸೀರಿಯಲ್ ಪೋರ್ಟ್, ಆರ್‌ಎಸ್-232. 1960ರಲ್ಲಿ ಬಂದ ಈ ಪದ್ಧತಿ ಮನೆಯ ಕಂಪ್ಯೂಟರುಗಳಿಂದ ಮಾಯವಾದರೂ ಕಾಟಾ ಕೋಣೆಯಿಂದ ಕದಲಿಲ್ಲ. ಸರಳ, ಗಟ್ಟಿ, ಅಗ್ಗ.

ಈ ತಂತಿಯಲ್ಲಿ ಅಂಕಿಗಳು ಒಂದರ ಹಿಂದೊಂದು ಬಿಟ್ಟುಗಳಾಗಿ ಸಾಗುತ್ತವೆ. ಆಸ್ಕಿ ಸಂಕೇತದಲ್ಲಿ ಸೊನ್ನೆ ಎಂಬ ಅಂಕಿ 0110000, ಒಂದು ಎಂಬುದು 0110001. ದಾರಿಯಲ್ಲಿ ಗದ್ದಲ ಬಡಿದು ಒಂದು ಬಿಟ್ ತಿರುಗಿಬಿದ್ದರೆ ಅಂಕಿಯೇ ಬೇರೆಯಾಗುತ್ತದೆ. ಅದಕ್ಕಾಗಿ ಏಳು ಬಿಟ್ಟುಗಳ ಬೆನ್ನಿಗೆ ಎಂಟನೆಯದೊಂದನ್ನು ಕಾವಲಿಗೆ ಹಾಕುತ್ತಾರೆ. ಅದೇ ಪ್ಯಾರಿಟಿ. ನೊಗಕ್ಕೆ ಎತ್ತು ಕಟ್ಟುವಾಗ ಒಂಟಿ ಉಳಿದರೆ ಇನ್ನೊಂದನ್ನು ತಂದು ಜೋಡಿ ಮಾಡುವ ಹಾಗೆ, ಈವನ್ ಪ್ಯಾರಿಟಿಯಲ್ಲಿ 1ರ ಸಂಖ್ಯೆ ಬೆಸವಾಗಿದ್ದರೆ ಕಾವಲು ಬಿಟ್ 1 ಆಗಿ ಸರಿಸಂಖ್ಯೆ ಮಾಡುತ್ತದೆ. ಮೊದಲೇ ಸರಿಸಂಖ್ಯೆ ಇದ್ದರೆ 0 ಆಗಿ ಸುಮ್ಮನಿರುತ್ತದೆ. ಆಡ್ ಪ್ಯಾರಿಟಿಯಲ್ಲಿ ಇದರ ತಿರುವುಮುರುವು. ನನ್ ಎಂದರೆ ಕಾವಲೇ ಇಲ್ಲ. ಕಳಿಸುವವನೂ ಓದುವವನೂ ಒಂದೇ ಒಪ್ಪಂದದಲ್ಲಿರಬೇಕು, ಅಷ್ಟೇ ಷರತ್ತು.

ಆ ಒಪ್ಪಂದ ಮುರಿದಾಗ ಬರುವ ಫೋನ್ ಹೆಚ್ಚುಕಡಿಮೆ ಹೀಗಿರುತ್ತದೆ: “ಅಣ್ಣಾರ, ಇಂಡಿಕೇಟರಿನ್ಯಾಗ ತೂಕ ಬರೋಬ್ಬರಿ ತೋರಸ್ತೈತ್ರಿ. ಕಂಪ್ಯೂಟರಿನ್ಯಾಗ ಒಮ್ಮೆ ಬರತೈತಿ, ಒಮ್ಮೆ ಬರಂಗಿಲ್ಲ ನೋಡ್ರಿ.”

ಈ ‘ಒಮ್ಮೆ ಬರುವುದು, ಒಮ್ಮೆ ಬಾರದಿರುವುದು’ ಹೊಸಬರನ್ನು ದಾರಿ ತಪ್ಪಿಸುತ್ತದೆ. ಅವರು ಕೇಬಲ್ ಬದಲಿಸುತ್ತಾರೆ, ಕನೆಕ್ಟರ್ ಬೆಸುಗೆ ಹಾಕುತ್ತಾರೆ, ಯುಎಸ್‌ಬಿ ಕನ್ವರ್ಟರ್ ಹೊಸದು ತರಿಸುತ್ತಾರೆ. ಪಳಗಿದವರು ಮೊದಲು ಕೇಳುವುದು ಬೇರೆ ಪ್ರಶ್ನೆ: ಯಾವ ಅಂಕಿ ಸರಿ ಬಂತು, ಯಾವುದು ಕೆಟ್ಟಿತು?

ಇಂಡಿಕೇಟರ್ ಏಳು ಬಿಟ್, ಈವನ್ ಪ್ಯಾರಿಟಿ, ಅಂಕಿ ಮುಗಿಯಿತೆಂದು ಸಾರುವ ಒಂದು ಸ್ಟಾಪ್ ಬಿಟ್ ಎಂದು ಕಳಿಸುತ್ತಿದೆ, ಕಂಪ್ಯೂಟರ್ ಎಂಟು ಬಿಟ್, ನನ್, ಒಂದು ಎಂದು ಓದುತ್ತಿದೆ ಎನ್ನಿ. ಮೊದಲಿಗೆ ಬರುವ ಸ್ಟಾರ್ಟ್ ಬಿಟ್ಟೂ ಸೇರಿ ಒಟ್ಟು ಬಿಟ್ಟುಗಳ ಲೆಕ್ಕ ಎರಡರಲ್ಲೂ ಹತ್ತೇ ಆದ್ದರಿಂದ ಲಯ ತಪ್ಪುವುದಿಲ್ಲ. ಆದರೆ ಕಾವಲು ಬಿಟ್ಟನ್ನು ಕಂಪ್ಯೂಟರ್ ಅಂಕಿಯ ಭಾಗವೆಂದೇ ತಿಳಿಯುತ್ತದೆ. 0, 3, 5, 6, 9 ಈ ಐದರಲ್ಲಿ 1ರ ಸಂಖ್ಯೆ ಸರಿಸಂಖ್ಯೆ. ಕಾವಲು ಬಿಟ್ 0. ಅವು ಮೈಮುಟ್ಟದೆ ದಾಟುತ್ತವೆ. 1, 2, 4, 7, 8 ಇವುಗಳಲ್ಲಿ ಬೆಸ. ಕಾವಲು ಬಿಟ್ 1. ಪರದೆಯ ಮೇಲೆ 1ರ ಜಾಗದಲ್ಲಿ ±, 2ರ ಜಾಗದಲ್ಲಿ ² ಎಂಬಂಥ ವಿಚಿತ್ರ ಚಿಹ್ನೆ ಬರುತ್ತದೆ. 30,560 ಕಿಲೋದ ಗಾಡಿ ಏನೂ ಆಗದಂತೆ ತೂಗುತ್ತದೆ. ಅದರ ಹಿಂದಿನ 28,470ರ ಗಾಡಿಯಲ್ಲಿ ಕೊನೆಯ ಸೊನ್ನೆ ಬಿಟ್ಟು ಎಲ್ಲವೂ ಕೆಡುತ್ತದೆ. ದೋಷ ಬಂದುಹೋಗುತ್ತಿಲ್ಲ, ಅದು ಖಾಯಂ ಕೂತಿದೆ, ಅಂಕಿಗಳು ಬಂದುಹೋಗುತ್ತಿವೆ. ಇಂಡಿಕೇಟರಿನಲ್ಲಿ ಆಡ್ ಇದ್ದರೆ ಕೆಡುವ ಐದು, ಉಳಿಯುವ ಐದು ಅದಲುಬದಲು. ಎಲ್ಲ ಅಂಕಿಗಳೂ ಗೊತ್ತುಗುರಿಯಿಲ್ಲದೆ ಕಲಸಿಹೋಗಿದ್ದರೆ ಪ್ಯಾರಿಟಿಯನ್ನು ಬಿಟ್ಟು ಮೊದಲು ಬಾಡ್ ರೇಟ್, ಅಂದರೆ ಬಿಟ್ಟುಗಳು ಸಾಗುವ ವೇಗ, ನೋಡಬೇಕು. ಇಂಥ ಸುಂದರ ರೋಗಲಕ್ಷಣ ರಿಪೇರಿ ಕಸುಬಿನಲ್ಲಿ ಅಪರೂಪ ಎಂದು ನನಗನಿಸುತ್ತದೆ. ಮೀಟರ್ ಹಿಡಿಯುವ ಮೊದಲೇ, ಫೋನಿನಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಇಲ್ಲಿಯೇ ಒಂದು ಮೋಸದ ಗುಂಡಿಯೂ ಇದೆ. ಖಾಲಿ ಪ್ಲಾಟ್‌ಫಾರ್ಮಿನ ಮೇಲೆ ಪರೀಕ್ಷೆ ಮಾಡಿದರೆ ಇಂಡಿಕೇಟರ್ ಕಳಿಸುವುದು ಬರೀ ಸೊನ್ನೆ. ಈವನ್ ಪ್ಯಾರಿಟಿಯ ತಪ್ಪು ಹೊಂದಾಣಿಕೆಯಲ್ಲಿ ಸೊನ್ನೆ ಯಾವಾಗಲೂ ಸರಿಯೇ! ‘ಎಲ್ಲಾ ಬರೋಬ್ಬರಿ ಐತಿ’ ಎಂದು ಸಹಿ ಹಾಕಿ ಹೋದವರ ಹಿಂದೆಯೇ ಮೊದಲ ಗಾಡಿ ಹತ್ತಿದಾಗ ತಕರಾರು ಏಳುತ್ತದೆ.

ಇನ್ನೂ ಕೆಟ್ಟದ್ದು ಸಾಫ್ಟ್‌ವೇರ್ ಬರೆಯುವವರ ಕೈಚಳಕ. ವಿಚಿತ್ರ ಚಿಹ್ನೆ ಕಂಡರೆ ಅದನ್ನು ಎಸೆದು, ಅಂಕಿಯಂತೆ ಕಾಣುವುದನ್ನಷ್ಟೇ ಹೆಕ್ಕಿಕೊಳ್ಳುವಂತೆ ಕೆಲವರು ಬರೆಯುತ್ತಾರೆ. ಆಗ 31,560ರಲ್ಲಿ ಒಂದು ಉದುರಿ 3,560 ಉಳಿಯುತ್ತದೆ. ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಬಿದ್ದೀತು. ಆದರೆ ಇಂಥ ಜರಡಿ ಕೂರಿಸಿದ ಮೇಲೆ ಕಾವಲು ಬಿಟ್ಟಿನ ಉದ್ದೇಶವೇ ಸತ್ತಂತೆ. ತಪ್ಪು ಬಂದಾಗ ಕೂಗಲೆಂದೇ ಅದನ್ನು ಇಟ್ಟದ್ದು. ಪ್ಯಾರಿಟಿ ತಪ್ಪಿದ ಸಾಲನ್ನು ಪೂರ್ತಿ ತಿರಸ್ಕರಿಸಿ ಮುಂದಿನ ಸಾಲಿಗೆ ಕಾಯಬೇಕು. ಇಂಡಿಕೇಟರ್ ಸೆಕೆಂಡಿಗೆ ಎಷ್ಟೋ ಸಲ ಅದೇ ತೂಕ ಕಳಿಸುತ್ತಲೇ ಇರುತ್ತದೆ, ಕಾಯುವುದರಿಂದ ನಷ್ಟವಿಲ್ಲ.

ಸೆಟ್ಟಿಂಗ್ ಎರಡೂ ಕಡೆ ಒಂದೇ ಇದ್ದೂ ಆಗೊಮ್ಮೆ ಈಗೊಮ್ಮೆ ಪ್ಯಾರಿಟಿ ತಪ್ಪುತ್ತಿದ್ದರೆ ಮಾತ್ರ ಕೇಬಲ್ಲಿನ ಸರದಿ. ಇಲಿ ಕಡಿದ ತಂತಿ, ಸಡಿಲ ಅರ್ಥಿಂಗ್, ಪಕ್ಕದಲ್ಲೇ ಹಾಯ್ದ ಮೋಟಾರಿನ ಲೈನು. ಆರ್‌ಎಸ್-232 ಸುಮಾರು 15 ಮೀಟರಿನ ದೂರಕ್ಕೆಂದು ಮಾಡಿದ್ದು. ಅದನ್ನು ಕೇನ್ ಯಾರ್ಡಿನಿಂದ ಆಫೀಸಿನ ತನಕ ಎಳೆದರೆ ಗದ್ದಲ ಕೂಡಿಕೊಳ್ಳುತ್ತದೆ. ಅಲ್ಲಿಗೆ ದೂರದ ಓಟಕ್ಕೆಂದೇ ಇರುವ ಆರ್‌ಎಸ್-485 ಬೇಕು. ಪ್ಯಾರಿಟಿಗೂ ಮಿತಿಯಿದೆ: ಒಂದು ಬಿಟ್ ತಿರುಗಿದರೆ ಹಿಡಿಯುತ್ತದೆ, ಎರಡು ಒಟ್ಟಿಗೆ ತಿರುಗಿದರೆ ಹಿಡಿಯದು. ಲೋಡ್ ಸೆಲ್ಲಿಗೇ ಕೈ ಹಾಕಿದ ವಂಚನೆಯನ್ನಂತೂ ಅದು ಕಾಣಲಾರದು.

ಹಳೆಯ ಕಂಪ್ಯೂಟರ್ ಕೈಕೊಟ್ಟು ಹೊಸದು ಬಂದಾಗಲೇ ಈ ತಕರಾರು ಹೆಚ್ಚು. ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ಪ್ಯಾರಿಟಿ ಬದಲಿಸಿ ಸಮಾಧಾನಪಟ್ಟರೆ ಸಾಲದು. ಪೋರ್ಟ್ ತೆರೆಯುವ ತೂಕದ ಪ್ರೋಗ್ರಾಂ ಸಾಮಾನ್ಯವಾಗಿ ತನ್ನದೇ ಸೆಟ್ಟಿಂಗ್ ಹೇರುತ್ತದೆ, ಬದಲಿಸಬೇಕಾದದ್ದು ಅಲ್ಲಿ. ಒಳ್ಳೆಯ ರಿಪೇರಿಯವರು ಇಂಡಿಕೇಟರಿನ ಮೈಮೇಲೆಯೇ ಚೀಟಿ ಅಂಟಿಸುತ್ತಾರೆ: 9600, 7, ಈವನ್, 1. ಪ್ರತಿ ಕಾಟಾ ಕೋಣೆಯಲ್ಲೂ ಅದು ಇರಬೇಕು.

ಹಂಗಾಮಿಗೆ ಮುನ್ನ ನಡೆಯುವ ಬಾಯ್ಲರ್ ಪೂಜೆಗೆ ಮೊದಲೇ, ರೈತರ ಕಡೆಯವರೊಬ್ಬರನ್ನು ನಿಲ್ಲಿಸಿಕೊಂಡು ಹತ್ತೂ ಅಂಕಿಗಳ ಪರೀಕ್ಷೆ ಮುಗಿಸಬೇಕು. ಪ್ಲಾಟ್‌ಫಾರ್ಮಿನ ಮೇಲೆ ಒಂದು ಗಾಡಿ ನಿಲ್ಲಿಸಿ, ಜೊತೆಗೆ ಒಬ್ಬೊಬ್ಬರೇ ಹತ್ತುತ್ತ ಹೋದರೆ ಅಂಕಿ ಬದಲಾಗುತ್ತ ಹೋಗುತ್ತದೆ. ಒಬ್ಬರು ಇಂಡಿಕೇಟರ್ ಓದಿ ಹೇಳಲಿ, ಇನ್ನೊಬ್ಬರು ಪರದೆಯ ಅಂಕಿಯನ್ನು ಪಕ್ಕದಲ್ಲಿ ಬರೆದುಕೊಳ್ಳಲಿ. ಸೊನ್ನೆಯಿಂದ ಒಂಬತ್ತರ ತನಕ ಹತ್ತೂ ಅಂಕಿಗಳು ಸರಿಯಾಗಿ ಬಂದವೆಂದು ಇಬ್ಬರೂ ಒಪ್ಪುವ ತನಕ ಆ ಕಾಟಾದ ಮೇಲೆ ಕಬ್ಬಿನ ಗಾಡಿ ಹತ್ತಿಸಬಾರದು.